ನೋಟ್‌ಬುಕ್ಕಿನಲ್ಲಿ ಬರೆಯದ ಚೀಸ್

"ಮೊದಲ್ನೇದು ಎಸ್ಕಿಲ್‌ಗೆ," ಎಂದಳು ಅಮ್ಮ.

ತಿರಿಲ್ ತಟ್ಟೆ ಹಿಡಿದುಕೊಂಡೇ ನಿಂತಳು. ಬಿಸಿ ವಾಫಲ್ ಇವತ್ತೂ ತಮ್ಮನಿಗೇ. ಅವನದಕ್ಕೆ ಹಸುವಿನ ಹಾಲು ತಾಗಬಾರದಂತೆ. ಅದಕ್ಕೇ ಓಟ್ಸ್ ಹಾಲಿನ ಹಿಟ್ಟು ಬೇರೆ, ಬಟ್ಟಲು ಬೇರೆ, ಸರದಿಯೂ ಮೊದಲು.

ನಾಲ್ಕು ವರ್ಷದ ಎಸ್ಕಿಲ್‌ಗೆ ಎಕ್ಸಿಮಾ. ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಚರ್ಮ ಕೆಂಪಗಾಗಿ ತುರಿಸುತ್ತಿತ್ತು. ಹಾಲಿನಿಂದ ಹೀಗಾಗುತ್ತಿದೆಯೋ ನೋಡೋಣ, ನಾಲ್ಕು ವಾರ ಹಾಲು, ಬೆಣ್ಣೆ, ಚೀಸ್ ಕೊಡಬೇಡಿ, ತಿಂದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರ್ ಹೇಳಿದ್ದರು. ಅವತ್ತಿನಿಂದ ಅಮ್ಮ ಆಯಿತು, ಎಸ್ಕಿಲ್ ಆಯಿತು, ಆ ನೋಟ್‌ಬುಕ್ ಆಯಿತು. ತಿರಿಲ್ ಮ್ಯೋಸಾ ಸರೋವರದ ಕಟ್ಟೆಯಿಂದ ತಲೆಕೆಳಗಾಗಿ ಧುಮುಕಲು ಕಲಿತು ವಾರವಾಗಿತ್ತು. ಬಂದು ನೋಡು ಎಂದಾಗಲೆಲ್ಲ ಅಮ್ಮ ನಾಳೆ ಎನ್ನುತ್ತಿದ್ದಳು.

ಎಲ್ಲ ನಾಟಕ, ಅಮ್ಮನ ಮಡಿಲಲ್ಲಿ ಕೂರಲು ಕೆರೆದುಕೊಳ್ಳುತ್ತಾನೆ ಅನ್ನಿಸುತ್ತಿತ್ತು ತಿರಿಲ್‌ಗೆ.

ಮಂಗಳವಾರ ಅಮ್ಮ ಫೋನಿನಲ್ಲಿದ್ದಾಗ ಅವಳು ಕಂದು ಚೀಸಿನ ಎರಡು ತೆಳು ಹೋಳು ಕತ್ತರಿಸಿ ತಮ್ಮನ ಕೈಗಿಟ್ಟಳು.

"ನಂಗೆ ಇದು ಕೊಡಬಾರ್ದಲ್ಲ?"

"ನಾನು ಕೊಡ್ತಿದೀನಲ್ಲ. ತಿನ್ನು."

ಅಕ್ಕ ತಾನಾಗಿಯೇ ಏನನ್ನಾದರೂ ಕೊಟ್ಟು ಎಷ್ಟೋ ದಿನವಾಗಿತ್ತು. ಅವನು ಖುಷಿಯಿಂದ ತಿಂದ. ಸಂಜೆಯವರೆಗೂ ಏನೂ ಆಗಲಿಲ್ಲ. ನಾನು ಅಂದುಕೊಂಡಿದ್ದೇ ಸರಿ ಎಂದುಕೊಂಡಳು ತಿರಿಲ್.

ಗುರುವಾರ ಬೆಳಿಗ್ಗೆ ಎಸ್ಕಿಲ್‌ನ ಅಂಗಿಯ ತೋಳಿನಲ್ಲಿ ರಕ್ತದ ಕಲೆಗಳಿದ್ದವು. ಮೊಣಕೈಯ ಮಡಿಕೆ ಒಡೆದು ನೀರು ಒಸರುತ್ತಿತ್ತು. ಅಮ್ಮ ನೋಟ್‌ಬುಕ್ ತಿರುವಿ ನೋಡಿದಳು. ಅದರಲ್ಲಿ ಹೊಸದೆಂದರೆ ಬುಧವಾರ ಅಜ್ಜಿಯ ತೋಟದಲ್ಲಿ ತಿಂದ ಸ್ಟ್ರಾಬೆರಿ ಒಂದೇ.

"ಹಾಗಾದ್ರೆ ಸ್ಟ್ರಾಬೆರಿನೂ ಬೇಡ," ಎಂದು ನಿಟ್ಟುಸಿರು ಬಿಟ್ಟಳು.

ಎಸ್ಕಿಲ್ ಅಳಲಿಲ್ಲ. "ನಾನು ಜಾಸ್ತಿ ತಿಂದ್ಬಿಟ್ನಾ ಅಮ್ಮ?" ಎಂದು ಕೇಳಿದ. ಚೀಸಿನ ಮಾತು ಎತ್ತಲೇ ಇಲ್ಲ.

ತಿರಿಲ್ ಅವತ್ತು ಶಾಲೆಯಿಂದ ಡಬ್ಬಿಯ ಬ್ರೆಡ್ಡನ್ನು ಹಾಗೇ ವಾಪಸ್ ತಂದಳು. ಮನೆಗೆ ಬಂದವಳೇ ನೋಟ್‌ಬುಕ್ ತೆರೆದು ಮಂಗಳವಾರದ ಕೆಳಗೆ ಬರೆದಳು: ಕಂದು ಚೀಸ್, ಎರಡು ಹೋಳು, ಕೊಟ್ಟಿದ್ದು ನಾನು. ಅಮ್ಮನ ಮುಂದೆ ಹಿಡಿದಳು.

ಅಮ್ಮ ಎರಡೆರಡು ಸಲ ಓದಿದಳು. "ಯಾಕೆ, ತಿರಿಲ್?"

"ನೀನು ಯಾವಾಗ್ಲೂ ಅವನ ಹತ್ರಾನೇ ಇರ್ತೀಯ."

ಅಮ್ಮ ನೋಟ್‌ಬುಕ್ ಮುಚ್ಚಿಟ್ಟಳು. ಆಮೇಲೆ, ತನಗೆ ತುಂಬ ಕೋಪ ಬಂದಿದೆ ಎಂದಳು. ಡಾಕ್ಟರಿಗೆ ನಿಜ ಹೇಳಬೇಕು, ಚೀಸಿನಿಂದಲೇ ಹೀಗಾಯಿತೋ ಏನೋ ಅವರನ್ನೇ ಕೇಳಬೇಕು, ನಾಲ್ಕು ವಾರವನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗಬಹುದು ಎಂದಳು. ಕ್ರೀಮಿನ ಡಬ್ಬಿ ತೆಗೆದುಕೊಂಡು, "ಬಾ, ಕೆರ್ಕೊಳ್ದ ಹಾಗೆ ಇವನ ಕೈ ಹಿಡ್ಕೋ. ಕ್ರೀಮ್ ಒಣಗೋವರ್ಗೂ ಬಿಡ್ಬೇಡ," ಎಂದಳು.

ತಿರಿಲ್ ಹಿಡಿದುಕೊಂಡಳು. ಪುಟ್ಟ ಬೆರಳುಗಳು ಅವಳ ಮುಷ್ಟಿಯೊಳಗೆ ಒದ್ದಾಡಿದವು. ಎಸ್ಕಿಲ್ ಹಲ್ಲು ಕಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿದ್ದ. ಇಷ್ಟು ಚಿಕ್ಕ ಕೈಗಳು ಇಷ್ಟು ಜೋರಾಗಿ ಎಳೆಯುತ್ತವೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅಮ್ಮ, ಸಾಕು, ಬಿಡು ಎಂದಳು.

"ಇನ್ನೂ ತುರಿಸ್ತಿದೆಯಾ?" ಎಂದು ತಿರಿಲ್ ಮೆಲ್ಲಗೆ ಕೇಳಿದಳು.

ಎಸ್ಕಿಲ್ ಹೌದೆಂದು ತಲೆಯಾಡಿಸಿದ. ಅವಳು ಕೈ ಬಿಡಲಿಲ್ಲ.