ಮುಂದಿನ ಸಾಲಿನ ಕುರ್ಚಿಗಳು

ಹಾಡು ಕೇಳಲು, ಗೇಮ್ ಆಡಲು ಎಂದು ಫ್ಯಾನೇ ಇಲ್ಲದ, ಚೂರೂ ಸದ್ದು ಮಾಡದ ಕಂಪ್ಯೂಟರೊಂದನ್ನು ಮಲೇಷ್ಯಾದ ಪೆನಾಂಗಿನ ನಮ್ಮ ಮನೆಯಲ್ಲಿ ನಾನೇ ಜೋಡಿಸಿದೆ. ಅದು ಚೀನೀ ಪಂಚಾಂಗದಲ್ಲಿ ಸತ್ತವರು ಊರಿಗೆ ಬರುವ ಏಳನೇ ತಿಂಗಳು. ಬೀದಿಯ ಹಾಡಿನ ಮೇಳಗಳಲ್ಲಿ ಅವರಿಗೆಂದೇ ಮುಂದಿನ ಸಾಲು ಖಾಲಿ ಬಿಡುವಂತೆ, ಅಮ್ಮ ನನ್ನ ಕಂಪ್ಯೂಟರಿನ ಸ್ಪೀಕರುಗಳೆದುರು ಮೂರು ಕುರ್ಚಿ ಹಾಕಿದಳು.

"ಅದ್ರಲ್ಲಿ ಕೂತ್ಕೋಬೇಡ ಕಣೋ ಕಿಯಾಟ್!"

"ಯಾಕಮ್ಮಾ, ಟಿಕೆಟ್ ತಗೊಂಡಿದಾರಾ ಅವ್ರು?" ಎಂದು ನಕ್ಕು ನಡುವಿನ ಕುರ್ಚಿಯಲ್ಲೇ ಕೂತು ಒಂದು ಹಾಡು ಹಾಕಿದೆ.

ಹಾಡು ಮುಗಿಯಿತು. ಕಂಪ್ಯೂಟರಿನಿಂದ ಉಸಿರಿನಷ್ಟೂ ಸದ್ದಿಲ್ಲ. ಆ ಮೌನದಲ್ಲಿ, ನನ್ನ ಎರಡೂ ಕಿವಿಗಳ ಪಕ್ಕದಲ್ಲೇ ಚಪ್ಪಾಳೆ ಕೇಳಿಸಿತು.

ದಡಕ್ಕನೆ ಎದ್ದೆ. ಅಮ್ಮ ಅಡುಗೆಮನೆಯಿಂದ ಓಡಿಬಂದು ಕುರ್ಚಿಗಳನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮುಟ್ಟಿಸಿದಳು. ಆಚೀಚಿನ ಎರಡೂ ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿದ್ದವು.

ನಾನು ಕೂತಿದ್ದ ಕುರ್ಚಿ ಮಾತ್ರ ತಣ್ಣಗೆ ಕೊರೆಯುತ್ತಿತ್ತು.