ಮನೆಗಾಡಿಯ ತೂತುಗಳು

"ಬಾ ಇಲ್ಲಿ. ನಿನ್ ಮೆತ್ತೆಯೊಳಗೆ ಯಾರವ್ರೆ ನೋಡು!"

ಅಪ್ಪ ಮೆತ್ತೆಯ ಹೊಲಿಗೆ ಬಿಚ್ಚಿ ಕೊಡವಿದ. ಸ್ಪಂಜಿನ ಚೂರುಗಳು ಉದುರಿದವು. ಆಮೇಲೆ ಬೆಳ್ಳಗಿನ ಉಂಡೆಯೊಂದು ಮೆಲ್ಲಗೆ ಜಾರಿ ಗಾಡಿಯ ನೆಲಕ್ಕೆ ಬಿತ್ತು.

ನಯನಾ ಕುಕ್ಕರುಗಾಲಲ್ಲಿ ಕೂತು ಮುಟ್ಟಿ ನೋಡಿದಳು. ರೇಷ್ಮೆ! ಗೂಡು ಬಿಡಿಸಿದ ಮೇಲೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಅಂಟಿ ಉಳಿಯುತ್ತದಲ್ಲ, ಅಂಥ ನವಿರು ನೂಲು. ಇಲಿ ಅದನ್ನು ರೇಷ್ಮೆಹುಳು ಸಾಕುವ ಹುಳುಮನೆಯಿಂದ ಎಳೆದು ತಂದು ದುಂಡಗೆ ಸುತ್ತಿತ್ತು. ಬೆರಳು ತೂರುವಷ್ಟು ಒಂದು ಬಾಗಿಲೂ ಇತ್ತು. ಒಳಗೆ ಯಾರೂ ಇರಲಿಲ್ಲ.

"ಎಷ್ಟ್ ಚೆನ್ನಾಗ್ ಕಟ್ಟೈತೆ ಅಲ್ವಾ ಅಪ್ಪ?"

"ಚೆನ್ನಾಗೈತಾ? ಮುಂದಕ್ ಬಾ, ಇನ್ನೂ ಚೆನ್ನಾಗಿರದು ತೋರಿಸ್ತೀನಿ."

ಅಪ್ಪ ಸ್ಟೀರಿಂಗಿನ ಕೆಳಗೆ ಟಾರ್ಚ್ ಬಿಟ್ಟ. ಕೆಂಪು ವೈರು, ಹಳದಿ ವೈರು ಎರಡೂ ತುಂಡಾಗಿ ಜೋತಾಡುತ್ತಿದ್ದವು.

"ಇದು ಎರಡನೇ ಸಲ. ಮಾಗಡಿ ಜಯಕುಮಾರ್ ಗಾಡಿ ಕೇಳ್ತಾವ್ನೆ. ಭಾನುವಾರ ನೋಡಕ್ ಬತ್ತಾನೆ. ಕೊಟ್ಬುಡ್ತೀನಿ."

"ಅಪ್ಪಾ, ಬೇಡ!"

"ಮತ್ತೆ? ಇಲಿ ಸಾಕಕ್ಕೆ ಗಾಡಿ ಮಡಿಕಳಕ್ಕಾಯ್ತದಾ?"

"ಇಲಿ ಬರ್ದಂಗೆ ನಾನ್ ನೋಡ್ಕೋತೀನಿ. ಪ್ರಾಮಿಸ್."

ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನ ಕಣ್ಣು ಕೆಂಪಗಿತ್ತು. ಆ ಕಣ್ಣಲ್ಲೇ ಸ್ವಲ್ಪ ನಕ್ಕ. "ಆಯ್ತು. ಭಾನುವಾರದ ಗಂಟ ಟೈಮು. ಹೊಸದಾಗಿ ಒಂದೇ ಒಂದ್ ಹಿಕ್ಕೆ ಕಂಡ್ರೂ ಗಾಡಿ ಮಾಗಡಿಗೆ" ಎಂದು ಮಲಗಲು ಹೋದ.

ಅವತ್ತು ಗುರುವಾರ.

ಅದು ಮೊದಲು ಸ್ಕೂಲ್ ವ್ಯಾನ್ ಆಗಿತ್ತು. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಬಾಗಿಲು ಜೋಡಿಸುವ ಅಪ್ಪ, ಒಂದು ವರ್ಷ ತನ್ನ ರಜೆಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದ. ಸೀಟು ಕಿತ್ತು ಎರಡು ಹಾಸಿಗೆ ಮಾಡಿದ. ಪುಟ್ಟ ಸಿಂಕು ಕೂರಿಸಿದ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಖಾಸಿಂ ಸಾಬರು ಗೋಡೆಗೆ ಬೀರು ಮಾಡಿಕೊಟ್ಟು, ಅದಕ್ಕೆ ಅರಗಿನ ಬಣ್ಣದ ಗುಂಡು ಗುಂಡು ಹಿಡಿಗಳನ್ನು ಹಾಕಿದ್ದರು. ಅಪ್ಪ ಅದನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಿದ್ದ. ಊರವರು ಮನೆಗಾಡಿ ಎಂದರು. ಆ ಹೆಸರೇ ನಿಂತಿತು.

ಮನೆಗಾಡಿ ಹೋಗಿದ್ದು ಒಂದೇ ಸಲ, ಸಂಗಮಕ್ಕೆ. ಸಂಜೆಗೆ ವಾಪಸ್. ಸಮುದ್ರಕ್ಕೆ ಹೋಗುವುದು ಮೂರು ಸಲ ತಪ್ಪಿತು. ಒಮ್ಮೆ ಅಪ್ಪನಿಗೆ ಓವರ್‌ಟೈಮ್, ಒಮ್ಮೆ ಅಮ್ಮನಿಗೆ ಅಂಗನವಾಡಿ ಟ್ರೈನಿಂಗ್, ಒಮ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಸಮಯ. ಗಾಡಿ ಹುಳುಮನೆಯ ಗೋಡೆಗೆ ಒತ್ತಿ ಕಟ್ಟಿದ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು.

ಆದರೆ ನಯನಾ ದಿನಾ ಹೋಗುತ್ತಿದ್ದಳು.

ಸ್ಕೂಲಿನಿಂದ ಬಂದವಳೇ ಗಾಡಿ ಹತ್ತಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗುವಳು. ಗೋಡೆಯಾಚೆ ಸಾವಿರಾರು ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಕೇಳಿಸುತ್ತಿತ್ತು. ಸರ ಸರ, ಸರ ಸರ. ಕಣ್ಣು ಅರೆ ಮುಚ್ಚಿದರೆ ಅದು ಮಳೆ. ಇನ್ನೂ ಸ್ವಲ್ಪ ಮುಚ್ಚಿದರೆ ಗಾಡಿ ಹೊರಡುತ್ತಿತ್ತು. ಶೆಡ್ಡಿನಲ್ಲಿ ಒರಗಿಸಿಟ್ಟ ಬಿದಿರು ಚಂದ್ರಿಕೆಗಳು ಬೆಟ್ಟಗಳಾಗಿ ಹಿಂದಕ್ಕೆ ಸರಿಯುತ್ತಿದ್ದವು. ಬಾಗಿಲಿಗೆ ಕಟ್ಟಿದ ಗೋಣಿಪರದೆ ಗಾಳಿಗೆ ಉಬ್ಬಿ ಇಳಿದು ಅಲೆಯಾಗುತ್ತಿತ್ತು. ದಾರಿಯಲ್ಲಿ ಹಸಿವಾಗುತ್ತದಲ್ಲ? ಅದಕ್ಕೆ ಜೇಬಿನಲ್ಲಿ ಬಿಸ್ಕತ್ತೋ ಕಡಲೆಕಾಯೋ ಇರುತ್ತಿತ್ತು.

ಗುರುವಾರ ಸಂಜೆ ಗಾಡಿ ಗುಡಿಸಲು ಪೊರಕೆ ಹಿಡಿದು ಹಾಸಿಗೆಯ ಕೆಳಗೆ ಬಗ್ಗಿದಾಗ ಅವಳ ಕೈ ನಿಂತಿತು. ಕಡಲೆಕಾಯಿ ಸಿಪ್ಪೆ. ಬಿಸ್ಕತ್ತಿನ ಪುಡಿ. ಅದರ ನಡುವೆ, ಕರೀ ಸಾಸಿವೆ ಚೆಲ್ಲಿದ ಹಾಗೆ, ಇಲಿ ಹಿಕ್ಕೆ.

ಇಲಿಗಳು ಸುಮ್ಮನೆ ಬಂದಿರಲಿಲ್ಲ. ಅವಳೇ ದಿನಾ ಊಟಕ್ಕೆ ಕರೆದಿದ್ದಳು.

ಎಲ್ಲವನ್ನೂ ಗುಡಿಸಿ ತಿಪ್ಪೆಗೆ ಹಾಕಿದಳು. ಯಾರಿಗೂ ಹೇಳಲಿಲ್ಲ. ಶುಕ್ರವಾರ ನೋಡಿದರೆ ಗುಡಿಸಿದ ಜಾಗದಲ್ಲಿ ಮತ್ತೆ ಎರಡು ಹಿಕ್ಕೆ.

ಶನಿವಾರ ಬೆಳಗಿನ ಸ್ಕೂಲು. ಮಧ್ಯಾಹ್ನ ಬಂದಾಗ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಹುಳುಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳು ಯಾವತ್ತೂ ಹೊರಗೇ. ಹೊಗೆಸೊಪ್ಪು ಹಾಕುವವರನ್ನು ನಯನಾಳ ಅಜ್ಜಿ ಶಿವಲಿಂಗಮ್ಮ ಹುಳುಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಹೊಗೆಸೊಪ್ಪಿನ ಘಾಟು ಸೋಕಿದರೂ ರೇಷ್ಮೆಹುಳು ಉಳಿಯುವುದಿಲ್ಲ.

"ಅಜ್ಜಿ, ಇಲಿ ಓಡ್ಸಕ್ಕೆ ಏನ್ ಮಾಡ್ಬೇಕು?" ನಯನಾ ಚಿಕ್ಕಲಕ್ಷ್ಮಮ್ಮನನ್ನು ಕೇಳಿದಳು.

"ಒಸಿ ಹೊಗೆಸೊಪ್ಪು ಉದುರ್ಸು. ಆ ಘಾಟಿಗೆ ಇಲಿ ಮೂತಿ ತಿರುಗಿಸ್ಕಂಡ್ ಓಯ್ತದೆ."

"ಒಸಿ ಕೊಡಜ್ಜಿ."

"ತಕೊ. ಎಲೆ, ಸುಣ್ಣ ಬ್ಯಾಡ್ವಾ ನಿನ್ ಇಲಿಗೆ? ಬರೀ ಬಾಯಲ್ಲಿ ಕಳಿಸ್ತೀಯಾ?" ಚಿಕ್ಕಲಕ್ಷ್ಮಮ್ಮ ನಗುತ್ತಾ ಸಂಚಿಯಿಂದ ಒಂದು ಚೂರು ಮುರಿದು ಕೊಟ್ಟಳು.

ಹುಳುಮನೆಯ ರೂಲು ನಯನಾಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದು ತಿನ್ನುವವರಿಗೆ ಮಾತ್ರ ಎಂದುಕೊಂಡಿದ್ದಳು. ಗಾಡಿಗೆ ಬಾಯಿ ಎಲ್ಲಿದೆ? ಹೊಗೆಸೊಪ್ಪನ್ನು ಪುಡಿ ಮಾಡಿ ಸಿಂಕಿನ ಕೆಳಗೆ, ಮೆತ್ತೆಯ ಸಂದಿಯಲ್ಲಿ, ವೈರುಗಳ ಹತ್ತಿರ ಉದುರಿಸಿದಳು. ಎರಡು ಸಲ ಸೀನಿದಳು.

"ನಯ್ನಾ! ಸೊಪ್ಪು ತತ್ತಾ ಬ್ಯಾಗ! ಹುಳ ಬಾಯ್ ಬುಡ್ಕಂಡ್ ಕೂತವೆ!" ಅಜ್ಜಿ ಹುಳುಮನೆಯೊಳಗಿಂದ ಕೂಗಿದಳು.

ಹುಳುಗಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನಯನಾ ಹಿಪ್ಪುನೇರಳೆ ಕಡ್ಡಿಯ ಹೊರೆ ಎತ್ತಿಕೊಂಡು ಓಡಿದಳು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿದಳು. ಕೈಯಲ್ಲಿ ಹೊರೆ ಇತ್ತು. ಕೈ ತೊಳೆಯಲಿಲ್ಲ.

ಹುಳು ಮೇಯುವ ಅಟ್ಟಣಿಗೆಯ ಕೆಳಗಿನ ಅಂತಸ್ತಿಗೆ ಅವಳೇ ಸೊಪ್ಪು ಹರಡಿದಳು.

ಒಂದು ಗಂಟೆ ಕಳೆದಿರಬಹುದು. ಹುಳು ಸೊಪ್ಪು ತಿನ್ನುವ ಆ ಮಳೆಯ ಸದ್ದಿನಲ್ಲಿ ಎಲ್ಲೋ ಒಂದು ಮೂಲೆ ಸುಮ್ಮನಾದ ಹಾಗೆ ನಯನಾಗೆ ಅನ್ನಿಸಿತು. ಬಗ್ಗಿ ನೋಡಿದಳು. ಕೆಳಗಿನ ಅಂತಸ್ತಿನ ಒಂದು ತುದಿಯಲ್ಲಿ ಹುಳುಗಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು.

ಅಜ್ಜಿ ಬಂದು ನೋಡಿದಳು. ಒಂದು ಎಲೆ ಎತ್ತಿ ಮೂಸಿದಳು. ಸೀದಾ ಬಾಗಿಲಿಗೆ ಹೋದಳು.

"ಲೇ ಚಿಕ್ಕಲಕ್ಷ್ಮಿ! ಒಳಕ್ ಬಂದಿದ್ಯೇನೇ ನೀನು?"

"ಅಯ್ಯೋ, ನಾನ್ಯಾಕ್ ಬರ್ಲಕ್ಕ? ಈ ಕಲ್ ಬುಟ್ಟು ಎದ್ದಿಲ್ಲ."

"ಮತ್ತೆ ನನ್ ಸೊಪ್ಪಲ್ಲಿ ಹೊಗೆಸೊಪ್ಪಿನ ಘಾಟು ಎಲ್ಲಿಂದ ಬಂತು? ಇಪ್ಪತ್ ವರ್ಸದಿಂದ ಹೇಳ್ತಾವ್ನಿ ನಿಂಗೆ. ಇನ್ಮೇಲೆ ಈ ಕಲ್ಲಿನ ತಾವ್ಕೂ ಬರ್ಬ್ಯಾಡ!"

ಚಿಕ್ಕಲಕ್ಷ್ಮಮ್ಮ ಅಜ್ಜಿಯ ಹಿಂದೆ ನಿಂತಿದ್ದ ನಯನಾಳನ್ನು ನೋಡಿದಳು. ಅವಳಿಗೆ ಗೊತ್ತಾಯಿತು. ನಯನಾಗೂ ಅದು ಗೊತ್ತಾಯಿತು. ಆದರೆ ಚಿಕ್ಕಲಕ್ಷ್ಮಮ್ಮ ಏನೂ ಹೇಳದೆ ಸಂಚಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಅಜ್ಜಿ..." ನಯನಾ ಮುಂದೆ ಬಂದಳು. "ನಾನು. ಗಾಡಿಗೆ ಹಾಕ್ದೆ. ಇಲಿಗೆ ಅಂತ. ಕೈ ತೊಳೀಲಿಲ್ಲ."

ಅಜ್ಜಿ ಹೊಡೆಯಲಿಲ್ಲ. ಬೈಯಲೂ ಸಮಯವಿರಲಿಲ್ಲ. "ಸೋಪ್ ಹಾಕ್ ತೊಳಿ, ಮೊಣಕೈ ಗಂಟ! ಬಟ್ಟೆ ಬದಲಾಯ್ಸು! ಲೇ ಚಿಕ್ಕಲಕ್ಷ್ಮಿ, ಎಲ್ಲಿಗ್ ಓಯ್ತೀಯಾ? ಆ ಹಸಿ ಸೊಪ್ಪಿನ ಹೊರೆ ಬಿಚ್ಚು, ಬಾಯ್ ಮುಚ್ಕಂಡು!"

"ಬಾಯ್ ಮುಚ್ಕಂಡೇ ಇದ್ನಲ್ಲಕ್ಕ" ಎಂದಳು ಚಿಕ್ಕಲಕ್ಷ್ಮಮ್ಮ. ಆದರೆ ಮೊದಲು ಹೋಗಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಬಾಗಿಲಾಚೆಯೇ ಹೊರೆ ಬಿಚ್ಚತೊಡಗಿದಳು.

ಅಜ್ಜಿ ಹಳೆ ಸೊಪ್ಪನ್ನೆಲ್ಲ ತೆಗೆದು ಕಿಟಕಿ ತೆರೆದಳು. ಹೊಸ ಸೊಪ್ಪು ಹಾಕಿದಳು. ಸಂಜೆಯ ಹೊತ್ತಿಗೆ ಉಳಿದವು ಮತ್ತೆ ತಿನ್ನತೊಡಗಿದವು. ಎರಡು ಮೊರದಷ್ಟು ಹುಳ ಮಾತ್ರ ಅಲುಗಲಿಲ್ಲ. ಅಜ್ಜಿ ತೋಟದ ಬದಿಯಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿದಳು. ನಯನಾ ಮೊರ ಹಿಡಿದು ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಅಪ್ಪ ಕಂಪನಿ ಬಸ್ಸಿನಿಂದ ಇಳಿದು ಬಂದಾಗ ನಯನಾ ಗೇಟಿನಲ್ಲೇ ಕಾಯುತ್ತಿದ್ದಳು. ಹೊಗೆಸೊಪ್ಪಿನ ಕತೆ ಹೇಳಿದಳು. ಶುಕ್ರವಾರದ ಎರಡು ಹಿಕ್ಕೆಯ ವಿಷಯವನ್ನೂ ಹೇಳಿದಳು. ಆಮೇಲೆ ಇನ್ನೂ ಮೆಲ್ಲಗೆ, "ಗಾಡೀಲಿ ಬಿಸ್ಕತ್ತು ತಿಂತಿದ್ದಿದ್ದೂ ನಾನೇ ಅಪ್ಪ. ದಿನಾ" ಎಂದಳು.

"ದಿನಾ ಅಲ್ ಕೂತ್ಕಂಡ್ ಏನ್ ಮಾಡ್ತಿದ್ದೆ?"

"ಸಮುದ್ರಕ್ಕೆ ಹೋಯ್ತಿದ್ದೆ."

ಅಪ್ಪ ಟಿಫನ್ ಬಾಕ್ಸಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ನಾನೂ ಹೋಯ್ತೀನಿ ಕಣ್ ಮಗ" ಎಂದ. "ಬಸ್ಸಲ್ಲಿ ಕಣ್ ಮುಚ್ದಾಗ. ಬಿಡದಿ ದಾಟೋ ಹೊತ್ಗೆ ಅಲೆ ಸದ್ ಕೇಳ್ತದೆ."

ಸ್ನಾನಕ್ಕೆ ಹೋಗದೆ ಅಪ್ಪ ಸೀದಾ ಶೆಡ್ಡಿಗೆ ನಡೆದ.

ಅಮ್ಮ, ಅಜ್ಜಿ, ನಯನಾ ಹಿಂದಿನಿಂದ ತಳ್ಳಿದರು. ಅಪ್ಪ ಸ್ಟೀರಿಂಗ್ ಹಿಡಿದ. ಮನೆಗಾಡಿ ಹುಳುಮನೆಯ ಗೋಡೆ ಬಿಟ್ಟು ಅಂಗಳದಾಚೆಯ ಬಯಲಿಗೆ ಬಂದು ನಿಂತಿತು. ಹಿಂದಿನ ಗಾಜಿಗೆ ಒರಗಿದ್ದ ಚಂದ್ರಿಕೆಗಳು ಶೆಡ್ಡಿನಲ್ಲೇ ಉಳಿದವು. ಅವು ಇಲಿಗಳಿಗೆ ಏಣಿಯ ಹಾಗೆ ಇದ್ದದ್ದು ಈಗ ಕಂಡಿತು. ಹೊಗೆಸೊಪ್ಪಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು.

"ಈಗ ಪರದೆ ಎಲ್ಲಾ ಮುಚ್ಚು. ಕಂಬ್ಳಿ ಕಟ್ಟು. ಒಳಗೆ ಕತ್ಲಾಗ್ಬೇಕು" ಎಂದ ಅಪ್ಪ. "ನಾನ್ ಕೆಳಗಿಂದ ಟಾರ್ಚ್ ಬುಡ್ತೀನಿ. ಎಲ್ಲಿಂದ ಬೆಳಕು ಬತ್ತದೋ ಅಲ್ಲಿಂದ್ಲೇ ಇಲಿನೂ ಬತ್ತದೆ."

ಕತ್ತಲೆಯ ಗಾಡಿಯಲ್ಲಿ ನಯನಾ ಉಸಿರು ಬಿಗಿಹಿಡಿದು ಕೂತಳು. ಕೆಳಗೆ ಗೋಣಿಚೀಲದ ಮೇಲೆ ಅಪ್ಪ ತೆವಳುವ ಸದ್ದು. ಇದ್ದಕ್ಕಿದ್ದಂತೆ ಸಿಂಕಿನ ಪೈಪಿನ ಪಕ್ಕ ಒಂದು ಚುಕ್ಕಿ ಹೊಳೆಯಿತು.

"ಬಂತು!"

"ಎಷ್ಟ್ ದಪ್ಪ?"

"ಪೆನ್ಸಿಲ್ಲಷ್ಟು!"

"ಸಾಕು ಮರಿ ಇಲಿಗೆ. ತುಂಬು!"

ಅವಳ ಪಕ್ಕದಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರುಗಳ ರಾಶಿ ಇತ್ತು. ಅಜ್ಜಿ ಗೊಣಗುತ್ತಲೇ ಕೊಟ್ಟಿದ್ದಳು. ಅದನ್ನು ಕಚ್ಚಿದ ಇಲಿ ಬಾಯಿ ಚುಚ್ಚಿಸಿಕೊಂಡು ಹಿಂದಕ್ಕೆ ಹೋಗುತ್ತದಂತೆ. ನಯನಾ ಹಿಂಜಿ ಹಿಂಜಿ ತೂತಿಗೆ ತುರುಕಿದಳು. ಚುಕ್ಕಿ ಆರಿತು. ಇನ್ನೊಂದು ಬೀರುವಿನ ಕೆಳಗೆ ಹುಟ್ಟಿತು. ಇನ್ನೊಂದು ಚಕ್ರದ ಮೇಲೆ, ಮತ್ತೊಂದು ವೈರು ಹಾದುಹೋಗುವ ಕಡೆ. ನೆಲದಲ್ಲೂ ಇಷ್ಟೊಂದು ನಕ್ಷತ್ರಗಳಿರುತ್ತವೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಬಂತು! ಬಂತಪ್ಪ! ಇದ್ ಹನ್ನೊಂದನೇದು!"

ಹನ್ನೆರಡನೇ ಚುಕ್ಕಿ ಬಾಗಿಲ ಮೆಟ್ಟಿಲ ಹತ್ತಿರ ಬಂತು. ಬಂದು ಅಲ್ಲೇ ನಿಂತಿತು.

"ಬಂತು!"

ನೆಲಕ್ಕೆ ಬಗ್ಗಿ ಇನ್ನೊಮ್ಮೆ ಕೂಗಿದಳು.

"ಅಪ್ಪ, ಬಂತು!"

ಚುಕ್ಕಿ ಅಲುಗಲಿಲ್ಲ. ನಯನಾ ಇಳಿದು ಬಗ್ಗಿ ನೋಡಿದಳು. ಟಾರ್ಚನ್ನು ಎದೆಯ ಮೇಲೆ ಹಿಡಿದುಕೊಂಡು ಅಪ್ಪ ನಿದ್ದೆ ಹೋಗಿದ್ದ. ಬಾಯಿ ಒಂದಿಷ್ಟು ತೆರೆದಿತ್ತು. ಕೂದಲಲ್ಲಿ ತುಕ್ಕಿನ ಪುಡಿ ಇತ್ತು. ಮೊನ್ನೆ ಬೈಯುವಾಗ ಕಂಡ ಅಪ್ಪನಿಗಿಂತ ಈ ಅಪ್ಪ ಸಣ್ಣಗೆ ಕಂಡ.

"ಅಪ್ಪ, ಒಳಗ್ ಬಾ. ಹಾಸಿಗೆ ಮೇಲೆ ಮಲ್ಕೊ."

ಅಪ್ಪ ಅರ್ಧ ಕಣ್ಣಲ್ಲಿ ಎದ್ದು, ಗಾಡಿ ಹತ್ತಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬಿದ್ದುಕೊಂಡ. ಫೋನನ್ನು ಅವಳ ಕೈಗಿಟ್ಟ. "ಜಯಕುಮಾರ್ ಮಾಡಿದ್ರೆ... ಬರದ್ ಬ್ಯಾಡ ಅನ್ನು. ಗಾಡಿ ಬೇಕು ನಮ್ಗೆ" ಎಂದವನೇ ಗೋಡೆಯ ಕಡೆ ತಿರುಗಿದ.

ನಯನಾ ಹನ್ನೆರಡನೇ ತೂತನ್ನು ತಾನೇ ಮುಚ್ಚಿದಳು. ಸದ್ದಾಗದ ಹಾಗೆ ಮುಂದಿನ ಕಂಬಳಿ ಸರಿಸಿದಳು. ಅಷ್ಟರಲ್ಲಿ ಫೋನ್ ಗುಂಯ್ ಎಂದಿತು.

"ಅಂಕಲ್, ಗಾಡಿ ಕೊಡಲ್ವಂತೆ" ಎಂದು ಪಿಸುಗುಟ್ಟಿದಳು.

"ಯಾಕಮ್ಮ? ಒಸಿ ನಿಮ್ಮಪ್ಪಂಗೆ ಕೊಡು."

"ಆಗಲ್ಲ ಅಂಕಲ್. ಗಾಡೀಲಿ ಮಲಗವ್ರೆ."

"ಓ, ಹೊರ್ಟೇಬುಟ್ರಾ? ಯಾವೂರ್ಗೆ?"

ನಯನಾ ತಿರುಗಿ ನೋಡಿದಳು. ಅಪ್ಪನ ಉಸಿರು ಮೆಲ್ಲಗೆ ಏರಿ ಇಳಿಯುತ್ತಿತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಏನನ್ನೋ ಹಿಂಬಾಲಿಸುತ್ತಿತ್ತು.

"ದೂರ" ಎಂದಳು.

ಫೋನಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ಎದುರಿಗೆ ಹಿಪ್ಪುನೇರಳೆ ತೋಟ, ಅದರಾಚೆ ಬಿಸಿಲಲ್ಲಿ ನೀಲಿಯಾಗಿ ಕರಗುತ್ತಿದ್ದ ಬಂಡೆಬೆಟ್ಟ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕಣ್ಣು ಅರೆ ಮುಚ್ಚಿದಳು. ಅಪ್ಪ ಕನಸಲ್ಲಿ ಎಲ್ಲಿಗೆ ಹೊರಟಿದ್ದಾನೋ ಅವಳಿಗೆ ತಿಳಿಯದು. ಇವತ್ತು ಕೇಳಬೇಕೆಂದೂ ಅನ್ನಿಸಲಿಲ್ಲ.

ದಾರಿಯಲ್ಲಿ ಹಂಪ್ ಬಂತು. ಬ್ರೇಕು ಅವಳ ಕಾಲಿಗೆ ಎಟುಕುತ್ತಿರಲಿಲ್ಲ. ಆದರೂ ನಿಧಾನ ಮಾಡಿದಳು.