ಅವಳ ಹೆಸರು ಕೇಳಬೇಡ, ಲೋವ್ರಿ!

"ಏಯ್! ನನ್ನ ಬೆಥ್ ಮೇಲಿಂದ ಕೈ ತೆಗಿ!"

ಲೋವ್ರಿ ಕೂಗಿದ ರಭಸಕ್ಕೆ, ದನ ತೊಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅವಳ ಕರಿ ಕಡಸು ಬೆಥ್‌ಳ ಬಾಲ ಹಿಡಿದು ನಿಂತಿದ್ದವನು ಬೇರೆ ಯಾರೂ ಅಲ್ಲ, ಪಕ್ಕದ ಕಣಿವೆಯ ಇಯೆಸ್ಟಿನ್! ಪೆನ್‌ಗಾರ್ತ್ ಊರಿನ ಬೇಸಿಗೆಯ ದನಗಳ ಪ್ರದರ್ಶನದಲ್ಲಿ ಹಿಂದಿನ ಎರಡು ವರ್ಷವೂ ಅವಳ ಮೊದಲ ಬಹುಮಾನ ಕಸಿದುಕೊಂಡವನು.

"ಸಗಣೀಲಿ ಮಲಗಿಬಿಟ್ಟಿದ್ಳು... ತೊಳೀತಾ ಇದ್ದೆ."

"ಓಹೋ, ಎಂಥ ಧರ್ಮಾತ್ಮ! ಸ್ಪರ್ಧೆಯ ರಿಂಗಿಗೆ ಹೋಗೋ ಮುಂಚೆ ನನ್ನ ಕಡಸನ್ನ ಬೆದರಿಸೋಕೆ ಬಂದ್ಯಾ?"

ಅವನ ಕಿವಿ ಕೆಂಪಾಯಿತು. ಬಕೆಟ್ ಅಲ್ಲೇ ಬಿಟ್ಟು ಹೊರಟುಹೋದ.

'ತಪ್ಪು ಮಾಡದಿದ್ದರೆ ಯಾಕೆ ಓಡಬೇಕು?' ಎಂದುಕೊಂಡಳು ಲೋವ್ರಿ.

ಅವಳು ಯಾರಿಗೂ ಹೆದರುವವಳಲ್ಲ. ಆದರೆ ದನ ನಡೆಸುವ ಯುವಕರ ಸ್ಪರ್ಧೆಗೆ ಇಪ್ಪತ್ತಾರೇ ಕೊನೆಯ ವಯಸ್ಸು. ಅವಳಿಗೆ ಈಗ ಇಪ್ಪತ್ತಾರು! ಇವತ್ತು ಗೆಲ್ಲದಿದ್ದರೆ ಇನ್ನೆಂದೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಳಿ ಕೋಟು ತೊಟ್ಟ ಸ್ಪರ್ಧಿಗಳಲ್ಲಿ ಇಬ್ಬರೇ ಉಳಿದರು. ಅವಳು, ಮತ್ತು ಅವನು.

ಈ ಸ್ಪರ್ಧೆಯಲ್ಲಿ ದನದ ಅಂದಕ್ಕೆ ಅಂಕವಿಲ್ಲ. ಅದನ್ನು ನಡೆಸುವ ಕೈಗೆ ಅಂಕ. ತೀರ್ಪುಗಾರ ಮುದುಕ ಪ್ರಾಸರ್ ಇಬ್ಬರನ್ನೂ ನೋಡಿ ಮೀಸೆಯಲ್ಲೇ ನಕ್ಕ.

"ಸರಿ ಮಕ್ಕಳೇ, ಈಗ ಹಗ್ಗ ಅದಲುಬದಲು ಮಾಡ್ಕೊಳ್ಳಿ."

ಬೆಥ್ ಬಾಲ ಅಲ್ಲಾಡಿಸುತ್ತಾ ಇಯೆಸ್ಟಿನ್ ಹಿಂದೆ ಹೊರಟೇಬಿಟ್ಟಳು. 'ದ್ರೋಹಿ!' ಎಂದು ಲೋವ್ರಿ ಮನಸ್ಸಿನಲ್ಲೇ ಬೈದಳು. ಅವನ ಕಡಸೋ, ಕಂಬದ ಹಾಗೆ ನಿಂತುಬಿಟ್ಟಿತು! ಎಳೆದಳು, ಲೊಚಗುಟ್ಟಿದಳು, ಗಂಗೆದೊಗಲು ತುರಿಸಿದಳು. ಊಹೂಂ...

"ತಳ್ಳು ಲೋವ್ರಿ, ಕೆಟ್ಟ ಟ್ರ್ಯಾಕ್ಟರ್ ಥರ ತಳ್ಳು!" ಬೇಲಿಯಾಚೆಯಿಂದ ಯಾರೋ ಕೂಗಿದರು.

ಇಯೆಸ್ಟಿನ್ ಪಕ್ಕಕ್ಕೆ ಬಂದಾಗ ಅವಳು ಹಲ್ಲು ಕಚ್ಚಿ ಕೇಳಿದಳು, "ಇವಳು ಹೇಗೋ ನಡೆಯೋದು?"

"ಹೆಸರು ಹಿಡಿದು ಕರೆದ್ರೆ ನಡೀತಾಳೆ."

"ಏನು ಹೆಸರು?"

ಅವನು ಪ್ರಾಸರ್ ಕಡೆ ನೋಡಿದ. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗೆಲುವಿನ ಕೆಂಪು ರಿಬ್ಬನ್ ಅವನದೇ.

"ಹೆಸರು ಕೇಳಬೇಡ, ಲೋವ್ರಿ..."

"ಕೇಳ್ತೀನಿ! ಹೇಳು!"

"ನಿಂದೇ ಹೆಸರು... ಲೋವ್ರಿ ಅಂತಲೇ ಕರೆಯೋದು."

ಅವಳ ಮುಖ ಕಾದ ಹಂಚಾಯಿತು. ದನಕ್ಕೆ ನನ್ನ ಹೆಸರಾ? ಸೋಲಿಸಿದ್ದು ಸಾಲದೆ, ಹಟ್ಟಿಯಲ್ಲಿ ದಿನಾ ಹೆಸರು ಕೂಗಿ ನಗುತ್ತಾನಾ?!

ಆದರೆ ಪ್ರಾಸರ್ ನೋಡುತ್ತಿದ್ದ. ಲೋವ್ರಿ ತಲೆ ಎತ್ತಿದಳು. ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು.

"ಲೋವ್ರಿ! ಬಾರೇ ಚಿನ್ನಾ, ನಡಿ!"

ಬೇಲಿಯ ಸುತ್ತ ನಗೆಯೋ ನಗೆ! ಕಡಸು ಕಿವಿ ನಿಮಿರಿಸಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿತು. ಇಬ್ಬರು ಲೋವ್ರಿಯರೂ ರಾಣಿಯರಂತೆ ಒಂದು ಸುತ್ತು ಬಂದರು.

ಹಟದ ಕಡಸನ್ನೂ ನಡೆಸಿದ ಕೈಯೇ ಮೇಲು ಎಂದು ಪ್ರಾಸರ್ ಅವಳ ಕೋಟಿಗೆ ಕೆಂಪು ರಿಬ್ಬನ್ ಚುಚ್ಚಿ ಮೆಲ್ಲಗೆ ಹೇಳಿದ, "ನಂಗೆ ಕಿವಿ ಚೆನ್ನಾಗೇ ಕೇಳಿಸುತ್ತೆ ಕಣಮ್ಮಾ. ತಾನಾಗೇ ಗುಟ್ಟು ಹೇಳಿ ಸೋತ ಆ ಹುಡುಗನಿಗೆ ಒಂದು ಟೀ ಕುಡಿಸು."

ಆಗ ಅವಳು ತಿರುಗಿ ಅವನನ್ನು ಹುಡುಕಿದಳು. ಗೇಲಿ ಮಾಡುವವನು ತಾನೇ ಯಾಕೆ ಸೋಲುತ್ತಾನೆ?

ಟೀ ಡೇರೆಯ ಹಿಂದೆ ಅವನು ಒಬ್ಬನೇ ನಿಂತಿದ್ದ. ಒಳಗೆ ಹೆಂಗಸರು ಹಂಚಿನ ಮೇಲೆ ವೆಲ್ಷ್ ಕೇಕು ಬೇಯಿಸುತ್ತಿದ್ದರು.

"ಬೆಳಿಗ್ಗೆ ಹಾಗೆ ಕೂಗಬಾರದಿತ್ತು. ತಪ್ಪಾಯ್ತು," ಎಂದಳು ಲೋವ್ರಿ. "ಈಗ ನಿಜ ಹೇಳು. ಯಾಕೆ ನನ್ನ ಹೆಸರು?"

"ಹೋದ ವರ್ಷ ಸೋತರೂ ನೀನೇ ಬಂದು ನನ್ನ ಕೈ ಕುಲುಕಿದೆ. ಏನೋ ಹೇಳ್ಬೇಕು ಅಂದ್ಕೊಂಡೆ, ಮಾತೇ ಹೊರಡಲಿಲ್ಲ. ಮನೆಗೆ ಹೋದ್ರೆ ಈ ಕಡಸು ಹುಟ್ಟಿತ್ತು. ಹೀಗಾದ್ರೂ ದಿನಾ ನಿನ್ನ ಹೆಸರು ಕರೀಬಹುದಲ್ಲಾ ಅಂತ..." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀನಂದ್ರೆ ನಂಗೆ ಪ್ರಾಣ, ಲೋವ್ರಿ."

ಅವಳ ಕಣ್ಣು ತುಂಬಿ ಬಂತು. ಆದರೂ ಗತ್ತು ಬಿಡಲಿಲ್ಲ.

"ನಾಳೆಯಿಂದ ಅವಳಿಗೆ ಬೇರೆ ಹೆಸರಿಡು."

ಅವನ ಮುಖ ಬಾಡಿತು. "ಅಂದ್ರೆ... ನಿಂಗೆ ಇಷ್ಟ ಇಲ್ವಾ?"

"ಪೆದ್ದ! ಒಂದೇ ಮನೇಲಿ ಇಬ್ಬರು ಲೋವ್ರಿ ಇದ್ರೆ, ನೀನು ಕರೆದಾಗ ಯಾರು ಬರ್ಬೇಕು?"

ಅವನು ಅವಳನ್ನೇ ನೋಡಿದ. ಮೆಲ್ಲಗೆ, ಹೆದರಿ ಹೆದರಿ ಕರೆದ.

"ಲೋವ್ರಿ...?"

"ಬಂದೆ."